ಹಣದ ಬೇಡಿಕೆ ಮತ್ತು ಬಡ್ಡಿದರ: ಹಾಸನ ಸೀಮೆಯ ನಿದರ್ಶನಗಳೊಂದಿಗೆ

ಜನ ತಮ್ಮ ಆಸ್ತಿಪಾಸ್ತಿಯಲ್ಲಿ ಎಷ್ಟು ಪಾಲನ್ನು ನಗದಾಗಿ, ಇಲ್ಲವೇ ಬೇಕೆಂದ ಕೂಡಲೇ ತೆಗೆಯಬಹುದಾದ ಠೇವಣಿಯಾಗಿ ಇಟ್ಟುಕೊಳ್ಳಲು ಬಯಸುತ್ತಾರೋ ಅದಕ್ಕೆ ಸಮಗ್ರ ಅರ್ಥಶಾಸ್ತ್ರದಲ್ಲಿ ಹಣದ ಬೇಡಿಕೆ ಎಂದು ಹೆಸರು. ಹಣ ಯಾರಿಗೆ ಬೇಡ ಎಂದು ನಾವು ಮಾತಿಗೆ ಹೇಳುವಾಗ ಇರುವ ಅರ್ಥ ಇಲ್ಲಿಲ್ಲ. ಚನ್ನರಾಯಪಟ್ಟಣದ ಕಡೆ ಹತ್ತು ಎಕರೆ ತೆಂಗಿನ ತೋಟ ಇಟ್ಟುಕೊಂಡವರ ಜೇಬಿನಲ್ಲಿ ಐನೂರು ರೂಪಾಯಿ ಇಲ್ಲದಿರಬಹುದು. ತೋಟವೇ ಇಲ್ಲದ ಕೂಲಿಯವರ ಸೆರಗಿನ ಗಂಟಿನಲ್ಲಿ ವಾರದ ಬಟವಾಡೆ ಪೂರ್ತಿ ಇರಬಹುದು. ಸಿರಿತನದಲ್ಲಿ ತೋಟದವರು ಮುಂದು, ಆಸ್ತಿಯಲ್ಲಿ ನಗದಿನ ಪಾಲು ನೋಡಿದರೆ ಕೂಲಿಯವರು ಮುಂದು.

ನಗದು ತಾನಾಗಿ ಮರಿ ಹಾಕುವುದಿಲ್ಲ. ಅದನ್ನು ಮನೆಯಲ್ಲಿಟ್ಟವರು ಬರಬಹುದಾಗಿದ್ದ ಬಡ್ಡಿಯನ್ನು ಬಿಟ್ಟುಕೊಟ್ಟಂತೆ. ಆದ್ದರಿಂದ ಬಡ್ಡಿದರ ಏರಿದಾಗ ಜನ ಕೈಯಲ್ಲಿರುವ ಹಣವನ್ನು ಕಡಿಮೆ ಮಾಡಿಕೊಳ್ಳುತ್ತಾರೆ, ಇಳಿದಾಗ ಹಾಗೇ ಇಟ್ಟುಕೊಳ್ಳುತ್ತಾರೆ. ಸಂಬಂಧ ಇಷ್ಟಕ್ಕೇ ನಿಂತಿದ್ದರೆ ಇದು ಬೇಡಿಕೆಯ ಒಂದು ಸಾಮಾನ್ಯ ರೇಖೆಯಾಗಿ ಮುಗಿಯುತ್ತಿತ್ತು. ಆದರೆ ಎಲ್ಲರಿಗೂ ಏಕಕಾಲದಲ್ಲಿ ಹೆಚ್ಚು ನಗದು ಬೇಕಾದರೆ, ಊರಿನಲ್ಲಿರುವ ಹಣದ ಮೊತ್ತ ಅಷ್ಟೇ ಇರುವಾಗ, ಜನ ಬೇರೆ ಆಸ್ತಿಯನ್ನು ಮಾರಲು ಇಲ್ಲವೇ ಸಾಲ ಕೇಳಲು ಹೊರಡುತ್ತಾರೆ, ಬಡ್ಡಿ ಏರುತ್ತದೆ. ಬಡ್ಡಿ ಬೇಡಿಕೆಯನ್ನು ತಿದ್ದುತ್ತದೆ, ಬೇಡಿಕೆ ಬಡ್ಡಿಯನ್ನು ತಿದ್ದುತ್ತದೆ.

ಸಿದ್ಧಾಂತದ ಬೆಳವಣಿಗೆ

ಅಮೆರಿಕದ ಇರ್ವಿಂಗ್ ಫಿಶರ್ 1911ರಲ್ಲಿ ಮಂಡಿಸಿದ ಸಮೀಕರಣದಲ್ಲಿ ಬಡ್ಡಿಗೆ ಜಾಗವೇ ಇರಲಿಲ್ಲ. ಹಣದ ಮೊತ್ತವನ್ನು ಅದರ ಚಲಾವಣೆಯ ವೇಗದಿಂದ ಗುಣಿಸಿದರೆ ಬೆಲೆಮಟ್ಟ ಮತ್ತು ವಹಿವಾಟುಗಳ ಗುಣಲಬ್ಧ ಬರುತ್ತದೆ ಎಂಬುದು ಆ ಲೆಕ್ಕ. ವೇಗವನ್ನು ನಿರ್ಧರಿಸುವುದು ಊರಿನ ಪಾವತಿಯ ಪದ್ಧತಿ. ಇದು ಹಳತಾದರೂ ಸುಳ್ಳಲ್ಲ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಕಮ್ಮಾರನಿಗೆ, ಕ್ಷೌರಿಕನಿಗೆ, ಅಗಸನಿಗೆ ಸುಗ್ಗಿಯಲ್ಲಿ ಕಣದಿಂದಲೇ ರಾಗಿ ಅಳೆದು ಕೊಡುತ್ತಿದ್ದ ಆಯದ ಪದ್ಧತಿ ನೆನಪಿಸಿಕೊಂಡರೆ ಸಾಕು: ವರ್ಷವಿಡೀ ಕೆಲಸ, ಒಂದು ಬಾರಿ ಕಾಳು, ನಡುವೆ ದುಡ್ಡಿನ ಮಾತೇ ಇಲ್ಲ. ಆಯ ಹೋಗಿ ಕೂಲಿ ದುಡ್ಡಿಗೆ ತಿರುಗಿದ ಮೇಲೆ ಅಷ್ಟೇ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಹಣ ಬೇಕಾಯಿತು. ಭಾರತದಲ್ಲಿ ದಶಕಗಳ ಕಾಲ ಹಣದ ಬೇಡಿಕೆ ಆದಾಯಕ್ಕಿಂತ ವೇಗವಾಗಿ ಬೆಳೆಯಲು ಇದೂ ಒಂದು ಕಾರಣ. 1969ರ ಜುಲೈ 19ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಹೋಬಳಿ ಮಟ್ಟಕ್ಕೆ ಬಂದ ಶಾಖೆಗಳು ಇನ್ನೊಂದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರ್ಷಲ್ ಮತ್ತು ಪಿಗೂ ಅದೇ ಪ್ರಶ್ನೆಯನ್ನು ಮಗುಚಿ ಕೇಳಿದರು: ಹಣ ಎಷ್ಟು ಬೇಗ ಓಡುತ್ತದೆ ಎನ್ನುವ ಬದಲು, ಒಬ್ಬ ಮನುಷ್ಯ ತನ್ನ ಆದಾಯದ ಎಷ್ಟು ಪಾಲನ್ನು ಕೈಯಲ್ಲಿ ಹಿಡಿಯುತ್ತಾನೆ?

ಜಾನ್ ಮೇನಾರ್ಡ್ ಕೇನ್ಸ್ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ 1906ರಿಂದ 1908ರವರೆಗೆ ಗುಮಾಸ್ತಿಕೆ ಮಾಡಿದವರು. ಅವರ ಮೊದಲ ಪುಸ್ತಕ, 1913ರದು, ಭಾರತದ ನಾಣ್ಯ ಮತ್ತು ಹಣಕಾಸನ್ನು ಕುರಿತದ್ದು. ಸುಗ್ಗಿ ಬಂದು ಫಸಲು ಸಾಗಿಸುವ ತಿಂಗಳುಗಳಲ್ಲಿ ಹಳ್ಳಿಗಾಡಿಗೆ ರೂಪಾಯಿ ಹರಿದು ಪ್ರೆಸಿಡೆನ್ಸಿ ಬ್ಯಾಂಕುಗಳ ಬಡ್ಡಿ ಏರುವುದನ್ನೂ, ಮಳೆಗಾಲದಲ್ಲಿ ರೂಪಾಯಿ ಮರಳಿ ಬಡ್ಡಿ ಇಳಿಯುವುದನ್ನೂ ಅವರು ಅದರಲ್ಲಿ ಬಿಡಿಸಿ ಬರೆದಿದ್ದಾರೆ. ಹಣದ ಬೇಡಿಕೆ ಕದಲಿದರೆ ಬಡ್ಡಿ ಕದಲುತ್ತದೆ ಎಂಬುದನ್ನು ಅವರು ಇಷ್ಟು ಹತ್ತಿರದಿಂದ ನೋಡಿದ್ದು ಭಾರತದ ಕಡತಗಳಲ್ಲಿ. ಅವರ ಪ್ರಸಿದ್ಧ ಸಿದ್ಧಾಂತಕ್ಕೆ ಇದೇ ಬೀಜ ಎಂದು ಹೇಳಿಬಿಡುವುದು ದುಡುಕಾದೀತು. ಆದರೆ 1936ರ ಅವರ ಮಹಾಗ್ರಂಥವನ್ನು ಈ ಚಿಕ್ಕ ಪುಸ್ತಕದ ಪಕ್ಕದಲ್ಲಿಟ್ಟು ಓದುವುದು ಲಾಭದ ಕೆಲಸ.

1936ರ ಗ್ರಂಥದಲ್ಲಿ ಅವರು ಹಣ ಹಿಡಿಯಲು ಮೂರು ಉದ್ದೇಶಗಳನ್ನು ಹೇಳಿದರು: ದಿನನಿತ್ಯದ ವಹಿವಾಟು, ಮುಂಜಾಗ್ರತೆ, ಸಟ್ಟಾ. ಮೊದಲೆರಡು ಮುಖ್ಯವಾಗಿ ಆದಾಯವನ್ನು ಅವಲಂಬಿಸಿವೆ. ಮೂರನೆಯದು ಬಡ್ಡಿಗೆ ಕಟ್ಟುಬಿದ್ದದ್ದು. ದ್ರವ್ಯತೆಯ ಅಭಿಲಾಷೆ ಎಂಬ ಅವರ ಸಿದ್ಧಾಂತದ ತಿರುಳು ಅಲ್ಲಿದೆ. ಬಡ್ಡಿ ಏರುವ ಸೂಚನೆ ಇದ್ದರೆ ಈಗಿರುವ ಸಾಲಪತ್ರಗಳ ಬೆಲೆ ಬೀಳುತ್ತದೆ. ಬೀಳುವ ಪತ್ರ ಹಿಡಿದು ಕೂರುವುದಕ್ಕಿಂತ ನಗದು ಲೇಸು. ಬಡ್ಡಿ ಇನ್ನು ಇಳಿಯಲಾರದಷ್ಟು ಕೆಳಗಿದೆ ಎಂದು ಎಲ್ಲರಿಗೂ ಅನ್ನಿಸಿದರೆ ಎಷ್ಟು ನೋಟು ಮುದ್ರಿಸಿದರೂ ಜನ ಹೀರಿಕೊಂಡು ಕೂರುತ್ತಾರೆ, ಬಡ್ಡಿ ಜಗ್ಗುವುದಿಲ್ಲ. ಇದಕ್ಕೆ ದ್ರವ್ಯತೆಯ ಬಲೆ ಎಂದು ಹೆಸರು. 1999ರಲ್ಲಿ ಬಡ್ಡಿಯನ್ನು ಸೊನ್ನೆಗಿಳಿಸಿದ ಜಪಾನ್ ಇದರ ಹೆಸರಾಂತ ಉದಾಹರಣೆ.

ಭೋಗ್ಯದ ಲೆಕ್ಕ

ಸಾಲಪತ್ರದ ಬೆಲೆ ಮತ್ತು ಬಡ್ಡಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸರಿಯುತ್ತವೆ ಎಂಬುದು ವಿದ್ಯಾರ್ಥಿಗಳು ಸದಾ ಎಡವುವ ಜಾಗ. ಪಠ್ಯಪುಸ್ತಕಗಳು ಬ್ರಿಟಿಷ್ ಸರ್ಕಾರದ ಶಾಶ್ವತ ಪತ್ರಗಳ ಉದಾಹರಣೆ ಕೊಡುತ್ತವೆ. ಹಾಸನದ ಯಾವುದೇ ಬಡಾವಣೆಯಲ್ಲಿ ಮನೆ ಹುಡುಕಿದವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಭೋಗ್ಯ ಗೊತ್ತಿದ್ದರೆ ಸಾಕು. ಬಾಡಿಗೆ ಇಲ್ಲ, ಒಂದು ಇಡುಗಂಟು ಕೊಟ್ಟು ಮನೆಗೆ ಹೋಗುವುದು, ಬಿಡುವಾಗ ಇಡುಗಂಟು ಪೂರ್ತಿ ವಾಪಸ್. ಮಾಲೀಕನಿಗೆ ಸಿಗುವುದು ಆ ದುಡ್ಡಿನ ಬಡ್ಡಿ. ಒಕ್ಕಲಿರುವವನು ಕೊಡುವುದೂ ಅದನ್ನೇ.

ತಿಂಗಳಿಗೆ ₹6,000 ಬಾಡಿಗೆ ಬರಬಹುದಾದ ಮನೆ ಎನ್ನಿ. ವರ್ಷಕ್ಕೆ ₹72,000. ಬ್ಯಾಂಕಿನ ಠೇವಣಿಗೆ ಶೇ. 8 ಬಡ್ಡಿ ಇದ್ದರೆ ಅಷ್ಟು ಹುಟ್ಟಲು ಮಾಲೀಕನಿಗೆ ₹9 ಲಕ್ಷ ಭೋಗ್ಯ ಸಾಕು. ಬಡ್ಡಿ ಶೇ. 6ಕ್ಕೆ ಇಳಿದರೆ ₹12 ಲಕ್ಷ ಬೇಕು. ಮನೆಗೆ ಒಂದು ಇಟ್ಟಿಗೆಯೂ ಸೇರಿಲ್ಲ, ಭೋಗ್ಯ ಮಾತ್ರ ಮೂರು ಲಕ್ಷ ಏರಿದೆ. ಬಡ್ಡಿ ಇಳಿದಾಗ ಪತ್ರದ ಬೆಲೆ ಏರುವುದು ಎಂದರೆ ಇದೇ. ಇನ್ನು ಮೂರು ವರ್ಷದ ಕರಾರು ಬರೆಸುವ ಹೊತ್ತಿಗೆ ಬಡ್ಡಿ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಇಬ್ಬರೂ ಮನಸ್ಸಿನಲ್ಲೇ ಪಣ ಕಟ್ಟುತ್ತಾರೆ. ಕೇನ್ಸ್ ಹೇಳಿದ ಸಟ್ಟಾ ಉದ್ದೇಶ ಅಲ್ಲಿಯೂ ಹಣಕಿ ಹಾಕುತ್ತದೆ.

ಇದೇ ಲೆಕ್ಕ ದೇವಸ್ಥಾನಗಳ ಶಾಶ್ವತ ಪೂಜೆಯಲ್ಲೂ ಇದೆ. ಒಮ್ಮೆ ಇಡುಗಂಟು ಕಟ್ಟಿದರೆ ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ದಿನ ಪೂಜೆ. ಠೇವಣಿ ಬಡ್ಡಿ ಇಳಿದಂತೆ ಇಡುಗಂಟು ಏರಲೇಬೇಕು. ಪದ್ಧತಿ ಹಳೆಯದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಹೊಯ್ಸಳರ ಕಾಲದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ, ಗೊಮ್ಮಟನ ಅಭಿಷೇಕದ ಹಾಲಿಗಾಗಿ ಗದ್ಯಾಣಗಳನ್ನು ಕೊಟ್ಟು, ಅದರ ಬಡ್ಡಿಯಿಂದ ದಿನವೂ ಇಷ್ಟು ಮಾನ ಹಾಲು ನಡೆಸಬೇಕೆಂದು ವಿಧಿಸಿದ ದತ್ತಿಗಳಿವೆ. ಚಂದ್ರಸೂರ್ಯರಿರುವವರೆಗೆ ಬಡ್ಡಿ ಒಂದೇ ಇರುತ್ತದೆ ಎಂದು ನಂಬಿದ ದಾನಿಗಳು ಅವರು.

ವರ್ಗಮೂಲದ ಸೂತ್ರ

ದಿನನಿತ್ಯದ ಖರ್ಚಿಗೆ ಇಡುವ ಹಣವೂ ಬಡ್ಡಿಗೆ ಮಣಿಯುತ್ತದೆ ಎಂದು ತೋರಿಸಿದವರು ವಿಲಿಯಂ ಬೌಮೋಲ್ (1952) ಮತ್ತು ಜೇಮ್ಸ್ ಟೋಬಿನ್ (1956). ಅಂಗಡಿಯವನು ಸರಕು ದಾಸ್ತಾನು ಮಾಡುವಂತೆ ಮನೆಯವರು ನಗದು ದಾಸ್ತಾನು ಮಾಡುತ್ತಾರೆ. ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಪೇಟೆಯ ಬ್ಯಾಂಕಿಗೆ ಒಮ್ಮೆ ಹೋಗಿ ಬರಲು ಬಸ್ ಚಾರ್ಜು, ಕೆಲಸ ಕೆಟ್ಟ ಹೊತ್ತು ಎಲ್ಲ ಸೇರಿ ₹150 ಆಗುತ್ತದೆ ಎಂದುಕೊಳ್ಳೋಣ. ವರ್ಷದ ಖರ್ಚು ₹1,20,000. ಖಾತೆಯಲ್ಲಿ ಬಿಟ್ಟ ಹಣಕ್ಕೆ ಶೇ. 4 ಬಡ್ಡಿ. ಸೂತ್ರದ ಪ್ರಕಾರ ಒಮ್ಮೆಗೆ ₹30,000 ತೆಗೆಯುವುದು ಜಾಣತನ: ವರ್ಷಕ್ಕೆ ನಾಲ್ಕು ಸಲ ಬ್ಯಾಂಕು, ಮನೆಯಲ್ಲಿ ಸರಾಸರಿ ₹15,000. ಬಡ್ಡಿ ಶೇ. 1ಕ್ಕೆ ಕುಸಿದರೆ ಒಮ್ಮೆಗೆ ₹60,000, ವರ್ಷಕ್ಕೆ ಎರಡೇ ಸಲ. ಬಡ್ಡಿ ನಾಲ್ಕನೇ ಒಂದಾದರೆ ನಗದು ದುಪ್ಪಟ್ಟು, ನಾಲ್ಕು ಪಟ್ಟಲ್ಲ. ವರ್ಗಮೂಲದ ಮಹಿಮೆ ಅದು.

ಈ ಸೂತ್ರದಲ್ಲಿ ಬಡ್ಡಿಯಷ್ಟೇ ತೂಕ ಹೋಗಿಬರುವ ಖರ್ಚಿಗೂ ಇದೆ, ಅದನ್ನು ಮರೆಯುವುದು ಹೆಚ್ಚು. 2016ರಲ್ಲಿ ಬಂದ ಯುಪಿಐ ಆ ₹150ನ್ನು ಒಂದೂವರೆ ರೂಪಾಯಿಗೆ ಇಳಿಸಿತು ಎಂದುಕೊಂಡರೆ, ಶೇ. 4ರ ಬಡ್ಡಿಯಲ್ಲೇ ಒಮ್ಮೆಗೆ ತೆಗೆಯಬೇಕಾದ್ದು ₹3,000 ಮಾತ್ರ. ಹಾಲಿನ ಡೇರಿಯ ಬಟವಾಡೆಯೂ ಇದೇ ಕೆಲಸ ಮಾಡುತ್ತದೆ. ವರ್ಷಕ್ಕೊಮ್ಮೆ ಫಸಲಿನ ದುಡ್ಡು ನೋಡುವ ಮನೆ ಅದನ್ನು ಹನ್ನೆರಡು ತಿಂಗಳು ಎಳೆಯಬೇಕು. ವಾರಕ್ಕೋ ಹದಿನೈದು ದಿನಕ್ಕೋ ಡೇರಿಯಿಂದ ದುಡ್ಡು ಬರುವ ಮನೆಗೆ ಅಷ್ಟೇ ಆದಾಯಕ್ಕೆ ತೀರಾ ಕಡಿಮೆ ನಗದು ಸಾಕು.

ಉಳಿದ ಹೆಸರುಗಳನ್ನು ಬೇಗ ದಾಟಬಹುದು. ಹಿಕ್ಸ್ 1937ರಲ್ಲಿ ಕೇನ್ಸ್‌ರ ವಾದವನ್ನು ಸರಕಿನ ಮಾರುಕಟ್ಟೆ ಮತ್ತು ಹಣದ ಮಾರುಕಟ್ಟೆಗಳ ಎರಡು ರೇಖೆಗಳಿಗೆ ಇಳಿಸಿದರು. ಆದಾಯ ಏರಿದರೆ ಹಣದ ಬೇಡಿಕೆ ಏರಿ ಬಡ್ಡಿ ಏರುತ್ತದೆ, ಬಡ್ಡಿ ಏರಿದರೆ ಹೂಡಿಕೆ ಇಳಿಯುತ್ತದೆ, ರೇಖೆಗಳು ಕೂಡುವಲ್ಲಿ ಆದಾಯ, ಬಡ್ಡಿ ಎರಡೂ ಒಟ್ಟಿಗೆ ನಿಲ್ಲುತ್ತವೆ. ಟೋಬಿನ್ 1958ರಲ್ಲಿ ಅಪಾಯದ ಲೆಕ್ಕ ಸೇರಿಸಿದರು. ಮಿಲ್ಟನ್ ಫ್ರೀಡ್‌ಮನ್ 1956ರಲ್ಲಿ ಹಣದ ಬೇಡಿಕೆ ಸ್ಥಿರವಾದದ್ದು, ಬಡ್ಡಿಯಿಂದ ಹೆಚ್ಚು ಕದಲುವುದಿಲ್ಲ ಎಂದು ವಾದಿಸಿದರು. 1976ರಲ್ಲಿ ಸ್ಟೀಫನ್ ಗೋಲ್ಡ್‌ಫೆಲ್ಡ್ ಅಮೆರಿಕದ ಅಂಕಿಗಳನ್ನು ನೋಡಿ, ಸೂತ್ರದ ಪ್ರಕಾರ ಇರಬೇಕಾದ ಹಣ ಜನರ ಕೈಯಲ್ಲಿ ಇಲ್ಲವಲ್ಲ ಎಂದು ಕೇಳಿದ ಮೇಲೆ ಆ ಸ್ಥಿರತೆಯ ನಂಬಿಕೆ ಅಲುಗಾಡಿತು. ಕೇಂಬ್ರಿಜ್‌ನಲ್ಲಿ ಓದಿ ಬಂದು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ 1952ರಲ್ಲೇ, ಕೇನ್ಸ್‌ರ ಗುಣಕ, ಎಂದರೆ ಒಂದು ಖರ್ಚು ಕೈಯಿಂದ ಕೈಗೆ ಸಾಗಿ ಆದಾಯವನ್ನು ಹಲವು ಪಟ್ಟು ಹೆಚ್ಚಿಸುವ ಲೆಕ್ಕ, ಭಾರತದಂಥ ಬೇಸಾಯದ ದೇಶದಲ್ಲಿ ಹೇಳಿದಂತೆ ನಡೆಯುವುದಿಲ್ಲ ಎಂದು ತೋರಿಸಿದ್ದರು. ಮನೆಯ ಉಣಿಸಿಗೆ ಮನೆಯಲ್ಲೇ ಬೆಳೆಯುವವರ ಆರ್ಥಿಕತೆಯಲ್ಲಿ ದುಡ್ಡಿನ ನಂಟು ಸಡಿಲ ಎಂಬ ಅವರ ಆಕ್ಷೇಪ ಹಣದ ಬೇಡಿಕೆಯ ಚರ್ಚೆಗೂ ಸಲ್ಲುತ್ತದೆ.

ಹಂಗಾಮು

ರಿಸರ್ವ್ ಬ್ಯಾಂಕಿನ ಪಂಚಾಂಗದಲ್ಲಿ ಅಕ್ಟೋಬರಿನ ಸುಮಾರಿನಿಂದ ಏಪ್ರಿಲ್‌ವರೆಗೆ ಬಿಡುವಿಲ್ಲದ ಕಾಲ, ಉಳಿದದ್ದು ಮಂದಗತಿಯ ಕಾಲ. ಹಾಸನಕ್ಕೆ ಈ ಪಂಚಾಂಗ ಅರ್ಧ ಮಾತ್ರ ಹೊಂದುತ್ತದೆ. ಆಲೂಗೆಡ್ಡೆ ಇಲ್ಲಿ ಮುಂಗಾರಿನ ಬೆಳೆ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುವ ಬಿತ್ತನೆ ಗೆಡ್ಡೆ ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಇಳಿಯುವುದು ಬೇಸಿಗೆಯ ಕೊನೆಗೆ. ಮೇ ತಿಂಗಳಲ್ಲಿ ಒಂದೆರಡು ಹದವಾದ ಮಳೆ ಬಿದ್ದರೆ ಎಲ್ಲರಿಗೂ ಒಂದೇ ವಾರದಲ್ಲಿ ಗೆಡ್ಡೆ ಬೇಕು, ಗೊಬ್ಬರ ಬೇಕು, ಆಳು ಬೇಕು. ಬೆನ್ನಿಗೇ ಜೂನ್, ಮಕ್ಕಳ ಶಾಲೆಯ ಫೀಸು. ದೇಶಕ್ಕೆಲ್ಲ ಮಂದಗತಿ ಎನ್ನುವ ಹೊತ್ತಿನಲ್ಲಿ ಹಾಸನದ ಕೈ ಖಾಲಿ. ಅಂಗಮಾರಿ ರೋಗದ ಹೊಡೆತಕ್ಕೆ ಆಲೂಗೆಡ್ಡೆಯ ವಿಸ್ತೀರ್ಣ ಕುಗ್ಗಿ ಆ ಜಾಗಕ್ಕೆ ಮುಸುಕಿನ ಜೋಳ, ಶುಂಠಿ ಬಂದಿವೆ; ಶುಂಠಿಗೆ ಬೇಕಾಗುವ ಬಂಡವಾಳ ಇನ್ನೂ ಹೆಚ್ಚು.

ಅರಕಲಗೂಡಿನದು ಬೇರೆ ತಾಳ. ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಹದ ಮಾಡಿ ರಾಮನಾಥಪುರದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುವುದು ಮಳೆಗಾಲ ಮುಗಿಯುವ ಹೊತ್ತಿಗೆ. ಹರಾಜು ತಿಂಗಳುಗಟ್ಟಲೆ ನಡೆಯುತ್ತದೆ. ದುಡ್ಡು ಬೆಳೆಗಾರನ ಬ್ಯಾಂಕ್ ಖಾತೆಗೆ ಬರುತ್ತದೆ. ಹೀಗೆ ಒಂದೇ ಜಿಲ್ಲೆಯೊಳಗೆ ಒಂದು ತಾಲ್ಲೂಕು ದುಡ್ಡು ಕೇಳುವಾಗ ಇನ್ನೊಂದು ಠೇವಣಿ ಇಡುತ್ತಿರುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ಎಲ್ಲಿಯೂ ಒಂದೇ, ಮುಂಬಯಿಯಲ್ಲಿ ನಿಶ್ಚಯವಾದದ್ದು. ಸ್ಥಳೀಯ ಬೇಡಿಕೆಯ ಏರಿಳಿತ ಬ್ಯಾಂಕಿನ ದರದಲ್ಲಿ ಕಾಣುವುದಿಲ್ಲ.

ಕಾಣಬೇಕಾದರೆ ಚೀಟಿ ಕೂಗುವಲ್ಲಿ ಕೂರಬೇಕು. ಇಪ್ಪತ್ತು ಜನ, ತಲೆಗೆ ತಿಂಗಳಿಗೆ ₹5,000, ಒಟ್ಟು ಒಂದು ಲಕ್ಷ. ಯಾರು ಹೆಚ್ಚು ಬಿಟ್ಟುಕೊಡಲು ಒಪ್ಪುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಕೈ ಆಡುವ ತಿಂಗಳಲ್ಲಿ ಕೂಗು ಹತ್ತು ಸಾವಿರಕ್ಕೆ ನಿಂತರೆ, ಬಿತ್ತನೆಯ ತಿಂಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೋದೀತು. ಚೀಟಿ ಎತ್ತಿದವರ ಕೈಗೆ ಸಿಗುವುದು ₹75,000, ಕಟ್ಟಬೇಕಾದ ಕಂತು ಮಾತ್ರ ಹಾಗೇ. ಬಿಟ್ಟುಕೊಟ್ಟದ್ದು ಉಳಿದವರಿಗೆ ಹಂಚಿಕೆಯಾಗುತ್ತದೆ. ಹಣದ ಬೇಡಿಕೆ ಬಡ್ಡಿಯಾಗಿ ಮಾರ್ಪಡುವುದನ್ನು ಇಷ್ಟು ಬಟಾಬಯಲಲ್ಲಿ ತೋರಿಸುವ ಇನ್ನೊಂದು ಮಾರುಕಟ್ಟೆ ಇರಲಾರದು. ಹಿಕ್ಸ್‌ರ ರೇಖೆಗಳನ್ನು ಪಾಠ ಮಾಡುವ ಮೇಷ್ಟರು ಒಮ್ಮೆ ಮಕ್ಕಳನ್ನು ಇಲ್ಲಿಗೆ ಕರೆತರಬೇಕು.

ಅಟ್ಟದ ಮೇಲಿನ ಕೊಬ್ಬರಿ

ಚನ್ನರಾಯಪಟ್ಟಣ, ಅರಸೀಕೆರೆ, ಆಚೆಗೆ ತಿಪಟೂರಿನವರೆಗೆ ತೆಂಗಿನ ಸೀಮೆಯಲ್ಲಿ ಹಣಕ್ಕೆ ಪರ್ಯಾಯವಾದ ಆಸ್ತಿ ಸಾಲಪತ್ರವಲ್ಲ, ಕೊಬ್ಬರಿ. ಸಿಪ್ಪೆ ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಲೊಟಲೊಟ ಸದ್ದಾಗುತ್ತದೆ. ಅದೇ ಉಂಡೆ ಕೊಬ್ಬರಿ. ಕಾಯಿಯಾಗಿಯೇ ಮಾರಿ ನಗದು ಪಡೆಯುವುದೋ, ಅಟ್ಟಕ್ಕೆ ಏರಿಸಿ ಒಂದು ವರ್ಷ ಕಾಯುವುದೋ ಎಂಬ ಪ್ರಶ್ನೆ ಪ್ರತಿ ಕೊಯ್ಲಿಗೂ ಏಳುತ್ತದೆ. ಕೇನ್ಸ್ ತಮ್ಮ ಗ್ರಂಥದ ಹದಿನೇಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ವಸ್ತುವಿಗೂ ತನ್ನದೇ ಬಡ್ಡಿದರ ಇದೆ ಎನ್ನುತ್ತಾರೆ: ಅದು ಕೊಡುವ ಫಲದಿಂದ ಕಾಪಾಡುವ ಖರ್ಚನ್ನು ಕಳೆದು, ಕೂಡಲೇ ದುಡ್ಡಾಗುವ ಅನುಕೂಲವನ್ನು ಕೂಡಬೇಕು. ಕೊಬ್ಬರಿಗೆ ಕಾಪಾಡುವ ಖರ್ಚು ಎಂದರೆ ಇಲಿ, ಬೂಷ್ಟು, ಕೊಳೆತು ಹೋಗುವ ಕಾಯಿ, ಸುಲಿಸುವ ಕೂಲಿ. ಅನುಕೂಲ ಎಂದರೆ ಮಂಡಿಗೆ ಹಾಕಿದ ದಿನವೇ ದುಡ್ಡು ಸಿಗಬಹುದು ಎಂಬ ಧೈರ್ಯ. ಮದುವೆಗೆಂದು, ಆಸ್ಪತ್ರೆಗೆಂದು ನಗದು ಕೂಡಿಡದೆ ಅಟ್ಟವನ್ನೇ ನೆಚ್ಚಿದ ಮನೆಗಳು ಮುಂಜಾಗ್ರತೆಯ ಬೇಡಿಕೆಯನ್ನು ಕೊಬ್ಬರಿಯಲ್ಲಿ ಪೂರೈಸಿಕೊಂಡವು ಎನ್ನಬೇಕು.

ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2023ರಲ್ಲಿ ₹11,750, 2024ರಲ್ಲಿ ₹12,000, 2025ರಲ್ಲಿ ₹12,100. 2023ರಲ್ಲಿ ಮಾರುಕಟ್ಟೆ ಬೆಲೆ ಇದಕ್ಕಿಂತ ಬಹಳ ಕೆಳಗೆ ಬಿದ್ದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ₹20,000 ದಾಟಿತು. ಇಂಥ ಏರಿಳಿತದ ಮುಂದೆ ಠೇವಣಿಯ ಶೇ. 6, ಶೇ. 7ಕ್ಕೆ ಏನು ಬೆಲೆ? ಈ ಸೀಮೆಯಲ್ಲಿ ಬ್ಯಾಂಕ್ ಬಡ್ಡಿ ಅರ್ಧ ಶೇಕಡಾ ಬದಲಾದರೆ ನಗದಿನ ಬೇಡಿಕೆ ಕದಲುವುದಕ್ಕಿಂತ, ಕೊಬ್ಬರಿ ಬೆಲೆ ಏರುವ ಗಾಳಿಮಾತಿಗೆ ಹೆಚ್ಚು ಕದಲುತ್ತದೆ.

ನೀತಿಯ ಪಾಠಗಳು

ಸುಖಮಯ್ ಚಕ್ರವರ್ತಿ ಸಮಿತಿ 1985ರಲ್ಲಿ ಹಣದ ಬೇಡಿಕೆ ಸಾಕಷ್ಟು ಸ್ಥಿರ ಎಂಬ ಆಧಾರದ ಮೇಲೆ ಹಣದ ಮೊತ್ತಕ್ಕೇ ಗುರಿ ಇಡಲು ಹೇಳಿತು. ತೊಂಬತ್ತರ ದಶಕದ ಸುಧಾರಣೆಗಳು ಆ ನೆಂಟಸ್ತನವನ್ನು ಸಡಿಲಿಸಿದವು. 1998ರಲ್ಲಿ ರಿಸರ್ವ್ ಬ್ಯಾಂಕ್ ಹಲವು ಸೂಚಕಗಳ ಪದ್ಧತಿಗೆ ಸರಿಯಿತು, 2016ರಿಂದ ಹಣಕಾಸು ನೀತಿ ಸಮಿತಿ ಶೇ. 4ರ ಹಣದುಬ್ಬರದ ಗುರಿ ಇಟ್ಟುಕೊಂಡು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯಾದ ರೆಪೊ ದರವನ್ನು ನಿಗದಿ ಮಾಡುತ್ತಿದೆ. ಎಂದರೆ ಈಗ ಬಡ್ಡಿಯನ್ನು ಮೊದಲು ಗೊತ್ತುಮಾಡಿ, ಆ ಬಡ್ಡಿಯಲ್ಲಿ ಜನ ಎಷ್ಟು ಹಣ ಕೇಳುತ್ತಾರೋ ಅಷ್ಟನ್ನು ಒದಗಿಸುತ್ತಾರೆ. ಪಠ್ಯಪುಸ್ತಕದ ನೆಟ್ಟಗೆ ನಿಂತ ಹಣಪೂರೈಕೆಯ ರೇಖೆ ಈಗ ಬಹುಮಟ್ಟಿಗೆ ಕರಿಹಲಗೆಯ ಮೇಲೆ ಮಾತ್ರ ಉಳಿದಿದೆ.

2016ರ ನವೆಂಬರ್ 8ರ ನೋಟು ರದ್ದತಿ ಯಾರೂ ಕೇಳದೆ ನಡೆದ ದೊಡ್ಡ ಪ್ರಯೋಗ. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಶೇ. 86, ಸುಮಾರು ₹15.4 ಲಕ್ಷ ಕೋಟಿ, ರಾತ್ರೋರಾತ್ರಿ ನಿಂತಿತು. ಸುಗ್ಗಿಯ ಹೊತ್ತು. ನವೆಂಬರ್ 14ರಂದು ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ತೆಗೆದುಕೊಳ್ಳಬಾರದೆಂದು ಆದೇಶವಾಯಿತು. ಸೊಸೈಟಿಯನ್ನೇ ನಂಬಿದ ಹಳ್ಳಿಗೆ ಹತ್ತಿರದ ಬಾಗಿಲು ಮುಚ್ಚಿತು. ವಾರಕ್ಕೆ ₹24,000ಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಗದಿಗೆ ಇಷ್ಟು ಬರ ಬಂದರೆ ಬಡ್ಡಿ ಏರಬೇಕೆಂದು ಸಿದ್ಧಾಂತ ಹೇಳುತ್ತದೆ ಅಲ್ಲವೇ? ಆದದ್ದು ಉಲ್ಟಾ. ಕೈಯಲ್ಲಿದ್ದ ನೋಟೆಲ್ಲ ಠೇವಣಿಯಾಗಿ ಬ್ಯಾಂಕಿಗೆ ಬಿದ್ದು ಬ್ಯಾಂಕುಗಳು ದುಡ್ಡಿನಲ್ಲಿ ಮುಳುಗಿದವು. ರೆಪೊ ದರ ಶೇ. 6.25ರಲ್ಲೇ ನಿಂತಿದ್ದರೂ ಸ್ಟೇಟ್ ಬ್ಯಾಂಕ್ 2017ರ ಜನವರಿ 1ರಿಂದ ಸಾಲದ ದರವನ್ನು ಶೇ. 0.90ರಷ್ಟು ಇಳಿಸಿತು. ನೋಟಿಗೆ ಬರ, ಬ್ಯಾಂಕ್ ಹಣಕ್ಕೆ ಅಗ್ಗ: ಹಣ ಎಂಬ ಒಂದೇ ಪದದೊಳಗೆ ಎರಡು ವಸ್ತುಗಳಿವೆ ಎಂಬುದು ಆ ಎರಡು ತಿಂಗಳಲ್ಲಿ ಸ್ಪಷ್ಟವಾಯಿತು. ದೇಶದ ಉತ್ಪನ್ನಕ್ಕೆ ಹೋಲಿಸಿದರೆ 2016ರ ಮಾರ್ಚ್‌ನಲ್ಲಿ ಸುಮಾರು ಶೇ. 12ರಷ್ಟಿದ್ದ ನೋಟುಗಳ ಪ್ರಮಾಣ ಮರುವರ್ಷ ಶೇ. 9ಕ್ಕಿಂತ ಕೆಳಗಿಳಿದು, 2021ರ ಹೊತ್ತಿಗೆ ಶೇ. 14 ದಾಟಿತು. ಆ ಏರಿಕೆಯ ಹಿಂದೆ ಕೊರೊನಾ ಕಾಲದ ಭಯವಿತ್ತು, ಜೊತೆಗೆ 2020ರ ಮೇನಲ್ಲಿ ರೆಪೊ ದರ ಶೇ. 4ಕ್ಕೆ ಇಳಿದಿತ್ತು. ಹಣದುಬ್ಬರ ಶೇ. 6 ದಾಟಿದ್ದ ಆ ವರ್ಷ ಉಳಿತಾಯ ಖಾತೆಯಲ್ಲಿ ಬಿಟ್ಟವನೂ, ದಿಂಬಿನಡಿ ಇಟ್ಟವನೂ ಇಬ್ಬರೂ ಕಳೆದುಕೊಂಡರು. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ. 6.5ಕ್ಕೆ ಏರಿದಾಗ ಜನ ಉಳಿತಾಯ ಖಾತೆಯಿಂದ ತೆಗೆದು ನಿಶ್ಚಿತ ಠೇವಣಿಗೆ ಹಾಕಿದರು. ಬೌಮೋಲ್ ಇದ್ದಿದ್ದರೆ ತಲೆದೂಗುತ್ತಿದ್ದರು.

ಹಲವು ಬಡ್ಡಿಗಳು

ಬಡ್ಡಿದರ ಎಂದು ಏಕವಚನದಲ್ಲಿ ಬರೆಯುವುದು ಸೂತ್ರದ ಅನುಕೂಲಕ್ಕೆ. ಒಂದೇ ಹಳ್ಳಿಯಲ್ಲಿ ಒಂದೇ ದಿನ ಕಿಸಾನ್ ಕಾರ್ಡಿನ ಸಾಲಕ್ಕೆ ಶೇ. 7, ಹೊತ್ತಿಗೆ ತೀರಿಸಿದರೆ ಶೇ. 4, ಒಡವೆ ಅಡವಿಟ್ಟರೆ ಇನ್ನೊಂದು, ಕೈಸಾಲಕ್ಕೆ ಮೂರು ರೂಪಾಯಿ ಬಡ್ಡಿ, ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ. 36. ಸಹಕಾರ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಇದರ ಮಿತಿಯನ್ನು ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಿತು. ಸೊನ್ನೆ ಬಡ್ಡಿಯಲ್ಲಿ ಬೇಡಿಕೆಗೆ ಕೊನೆಯಿಲ್ಲ. ಹಂಚಿಕೆಯನ್ನು ಬಡ್ಡಿ ಮಾಡದಿದ್ದಾಗ ಸಂಘದ ಸದಸ್ಯತ್ವ, ಪಹಣಿ, ನಿರ್ದೇಶಕರ ಪರಿಚಯ ಮಾಡುತ್ತವೆ.

ಈ ಸೊನ್ನೆಗೆ ಒಂದು ಬಾಲವಿದೆ. ವಾಯಿದೆಯ ದಿನದೊಳಗೆ ಅಸಲು ಕಟ್ಟಿದರೆ ಮಾತ್ರ ಬಡ್ಡಿ ಮಾಫಿ, ಆಮೇಲೆ ಹೊಸ ಸಾಲ. ಫಸಲಿನ ದುಡ್ಡು ಅಷ್ಟರೊಳಗೆ ಬಾರದಿದ್ದರೆ ರೈತ ಊರಿನಲ್ಲೇ ನಾಲ್ಕು ದಿನದ ಮಟ್ಟಿಗೆ ಕೈಗಡ ತರುತ್ತಾನೆ. ಸಂಘಕ್ಕೆ ಕಟ್ಟಿ, ರಸೀದಿ ಪಡೆದು, ಹೊಸ ಸಾಲ ಮಂಜೂರಾದ ಕೂಡಲೇ ಅದೇ ದುಡ್ಡನ್ನು ಕೈಗಡ ಕೊಟ್ಟವನಿಗೆ ಹಿಂತಿರುಗಿಸುತ್ತಾನೆ. ವಾಯಿದೆ ಎಲ್ಲರಿಗೂ ಒಟ್ಟಿಗೇ ಬರುವುದರಿಂದ ಆ ವಾರ ಊರಿನಲ್ಲಿ ನಗದಿಗೆ ಇನ್ನಿಲ್ಲದ ಬೇಡಿಕೆ. ಒಂದೇ ನೋಟಿನ ಕಟ್ಟು ಒಬ್ಬರ ಕೈಯಿಂದ ಸಂಘಕ್ಕೆ, ಸಂಘದಿಂದ ಮತ್ತೊಬ್ಬರಿಗೆ ಸುತ್ತುತ್ತದೆ. ನಾಲ್ಕು ದಿನಕ್ಕೆ ಕೈಗಡದವನು ತೆಗೆದುಕೊಳ್ಳುವುದು ತಿಂಗಳ ಬಡ್ಡಿ ಪೂರ್ತಿ, ನೂರಕ್ಕೆ ಮೂರು.